ಚಿತ್ರ ಬರೆಯುವುದು ಯಾರ ಕೆಲಸ?

ಪ್ರಿಯರೇ,

ಮೂಡಿಗೆರೆಯ ತೋಟದ ಮನೆಯಲ್ಲಿ ಕುಳಿತು ಬೆಂಗಳೂರಿನ ಲಿನಕ್ಸ್ ಕಂಪ್ಯೂಟರನ್ನು ನಡೆಸುವ ಬಗೆಗಿನ ನಿಮ್ಮ ಲೇಖನ ತಲುಪಿತು. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಮೊದಲ ಎರಡು ಪುಟಗಳ ತುಂಬ ಚಾರ್ಮಾಡಿಯ ಮಂಜು, ಕೊಟ್ಟಿಗೆಹಾರದ ನೀರುದೋಸೆ. ನಮ್ಮ ಓದುಗರು ಎರಡನ್ನೂ ಬಲ್ಲರು, ಮುಲಾಜಿಲ್ಲದೆ ಕತ್ತರಿಸಿ.

ನಿಜವಾದ ತೊಡಕಿರುವುದು ಮೂರನೆಯ ಪುಟದಲ್ಲಿ. ರಿಮೋಟ್ ಡೆಸ್ಕ್‌ಟಾಪ್ ಅಂಚೆಯಣ್ಣನಂತೆ, ಡಿಸ್‌ಪ್ಲೇ ಸರ್ವರ್ (ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ತಂತ್ರಾಂಶ) ಬರೆದ ಚಿತ್ರವನ್ನು ತಂದು ಕೊಡುತ್ತದೆ ಎಂದಿದ್ದೀರಿ. ದೂರದ ಪರದೆಯನ್ನು ಇಲ್ಲಿ ತೋರಿಸುವ ವಿಎನ್‌ಸಿಯ ಮಟ್ಟಿಗೆ ಒಪ್ಪೋಣ: ಪರದೆಯಲ್ಲಿ ಬದಲಾದ ಆಯತಗಳನ್ನು, ಈ ಕಡೆಯಿಂದ ಕೇಳಿದಾಗ, ಅದು ಕಳುಹಿಸುತ್ತದೆ. ಆದರೆ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಎಕ್ಸ್11 (ಲಿನಕ್ಸಿನಲ್ಲಿ ಕಿಟಕಿ ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್) ಕಿಟಕಿ ತೆರೆಯುವುದನ್ನೂ ಅದೇ ಚೀಲಕ್ಕೆ ತುರುಕಿದ್ದೀರಲ್ಲ! ಅಲ್ಲಿ ಡಿಸ್‌ಪ್ಲೇ ಸರ್ವರ್ ಇರುವುದು ಮೂಡಿಗೆರೆಯಲ್ಲಿ, ನಿಮ್ಮ ಮೇಜಿನ ಮೇಲೆ. ಬೆಂಗಳೂರಿನಲ್ಲಿ ಓಡುವುದು ಅಪ್ಲಿಕೇಶನ್ ಮಾತ್ರ. ಕಿಟಕಿ ತೆರೆ, ಗೆರೆ ಎಳೆ ಎಂಬ ಆದೇಶಗಳು ಅಲ್ಲಿಂದ ಬರುತ್ತವೆ, ಪರದೆಗೆ ಇಳಿಸುವುದು ನಿಮ್ಮ ಯಂತ್ರ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದಾಗಿನಿಂದ ಎಕ್ಸ್‌ನ ಸ್ವಭಾವ ಇದೇ.

ಮೆನು ತೆರೆಯಲು ಯುಗ ಹಿಡಿಯುತ್ತದೆಂದು ಇಂಟರ್ನೆಟ್ ಕಂಪನಿಯನ್ನು ಅರ್ಧ ಪುಟ ಬೈದಿದ್ದೀರಿ. ತಪ್ಪು ಕಂಪನಿಯದಲ್ಲ. ಎಕ್ಸ್‌ನಲ್ಲಿ ಅಪ್ಲಿಕೇಶನ್ ಹೆಜ್ಜೆಹೆಜ್ಜೆಗೂ ಸರ್ವರನ್ನು ಏನಾದರೂ ಕೇಳಿ ಉತ್ತರಕ್ಕೆ ಕಾಯುತ್ತದೆ. ಪ್ರತಿ ಪ್ರಶ್ನೆಯೂ ಮೂಡಿಗೆರೆಗೆ ಬಂದು ಹಿಂದಿರುಗಬೇಕು. ದುಬಾರಿ ಪ್ಲಾನ್ ಹಾಕಿಸಿಕೊಂಡರೂ ಈ ಓಡಾಟ ತಪ್ಪದು.

ಆರ್‌ಡಿಪಿ ಎಂಬ ರಿಮೋಟ್ ಡೆಸ್ಕ್‌ಟಾಪ್ ಭಾಷೆಯಲ್ಲಿ ಲಿನಕ್ಸ್ ಯಂತ್ರವನ್ನು ಮಾತಾಡಿಸುವ ಎಕ್ಸ್‌ಆರ್‌ಡಿಪಿ ಕುರಿತ ಭಾಗ ಲೇಖನದ ಜೀವಾಳ. ಅದನ್ನೇ ನಾಲ್ಕು ಸಾಲಿಗೆ ಮುಗಿಸಿದ್ದೇಕೆ? ಮಾನಿಟರೇ ಇಲ್ಲದ ಯಂತ್ರದಲ್ಲಿ, ನೀವು ಲಾಗಿನ್ ಆದೊಡನೆ ಒಂದು ಎಕ್ಸ್ ಸರ್ವರ್ ಎದ್ದು ಮೆಮೊರಿಯಲ್ಲೇ ಪರದೆ ಹಾಸುತ್ತದೆ. ನೀವು ಒತ್ತಿದ ಕೀಲಿಯೊಂದನ್ನು ಹಿಂಬಾಲಿಸಿ ಬರೆಯಿರಿ: ಆರ್‌ಡಿಪಿಯಲ್ಲಿ ಹೊರಟ ಅದು ಎಕ್ಸ್‌ಆರ್‌ಡಿಪಿಯ ಕೈಸೇರುತ್ತದೆ, ಎಕ್ಸ್ ಸರ್ವರಿಗೆ ಪಕ್ಕದ ಕೀಬೋರ್ಡಿನಿಂದಲೇ ಬಂದಂತೆ ಕಾಣುತ್ತದೆ, ಎಡಿಟರಿನಲ್ಲಿ ಅಕ್ಷರ ಮೂಡುತ್ತದೆ, ಬದಲಾದ ಆ ಚೂರು ಮಾತ್ರ ಸಂಕುಚಿತಗೊಂಡು ನಿಮ್ಮ ಪರದೆಗೆ ಮರಳುತ್ತದೆ. ಇದಕ್ಕೆ ಎರಡು ಪುಟ ಕೊಟ್ಟರೂ ನನ್ನ ತಕರಾರಿಲ್ಲ.

ಎಕ್ಸ್‌ನ ಜಾಗಕ್ಕೆ ಬಂದ ವೇಲ್ಯಾಂಡ್ ದೂರದ ಬಳಕೆಗೆ ಒಗ್ಗದು ಎಂಬ ತೀರ್ಪನ್ನು ಕೈಬಿಡಿ. ಅಲ್ಲಿ ಕಿಟಕಿಗಳನ್ನೆಲ್ಲ ಜೋಡಿಸಿ ಪರದೆ ಕಟ್ಟುವ ಕಂಪೋಸಿಟರೇ ಡಿಸ್‌ಪ್ಲೇ ಸರ್ವರ್. ಒಂದು ಅಪ್ಲಿಕೇಶನ್ ಇನ್ನೊಂದರ ಕಿಟಕಿಯೊಳಗೆ ಇಣುಕಲಾಗದು. ಆದ್ದರಿಂದ ಪರದೆಯ ಚಿತ್ರವನ್ನು ಕಂಪೋಸಿಟರೇ ಪೈಪ್‌ವೈರ್‌ನಂಥ, ಚಿತ್ರ-ಧ್ವನಿ ಸಾಗಿಸುವ ಸೇವೆಯ ಮೂಲಕ ಹೊರಗೆ ಕೊಡಬೇಕು. ಗ್ನೋಮ್ ಎಂಬ ಲಿನಕ್ಸ್ ಡೆಸ್ಕ್‌ಟಾಪಿನ ಆರ್‌ಡಿಪಿ ಸೇವೆ ನಡೆಯುವುದು ಹೀಗೆಯೇ.

ಕೊನೆಯ ಪುಟದಲ್ಲಿ, ರೂಟರಿನಲ್ಲಿ ಆರ್‌ಡಿಪಿಯ ಬಾಗಿಲಾದ 3389ನೆಯ ಪೋರ್ಟನ್ನು ಎಲ್ಲರಿಗೂ ತೆರೆದಿಡಿ ಎಂಬ ಸಲಹೆ ಕೊಟ್ಟಿದ್ದೀರಿ. ಅದನ್ನು ಅಳಿಸಿ, ವಿಪಿಎನ್ ಅಥವಾ ಎಸ್‌ಎಸ್‌ಎಚ್ ಸುರಂಗದ ದಾರಿ ಹೇಳಿ. ಆ ಸಾಲು ಮತ್ತೆ ಕಂಡರೆ ಉಳಿದದ್ದನ್ನು ಓದದೆಯೇ ವಾಪಸು ಕಳುಹಿಸುತ್ತೇನೆ.

ಸಂಪಾದಕ, ಹಾಸನ