ಅಕ್ಷರ ಅದೇ, ವಿಮಾನ ಬೇರೆ

ಮಂಡ್ಯದ ಮಿತ್ರರಿಗೆ ನಮಸ್ಕಾರ.

ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನ ಹಾರಿಸಿ ಕಾಣೆಯಾದ ಪೈಲಟ್ ಬಗ್ಗೆ ನೀವು ಬರೆದ ‘ಮೈಸೂರಿನ ಸ್ಪಿಟ್‌ಫೈರ್’ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಸುಮ್ನೆ ಬಿಡುವಂಥದ್ದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಎರಡನೇ ಮಹಾಯುದ್ಧ ಹೇಗೆ ಶುರುವಾಯಿತು ಅಂತ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಬ್ರಿಟನ್ನಿನ ವಾಯುಪಡೆಯಲ್ಲಿ ಮೈಸೂರಿನ ಹೆಸರು ಹೊತ್ತ 129ನೇ ಸ್ಕ್ವಾಡ್ರನ್ (ವಿಮಾನದಳ) ಇತ್ತು, 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಅದನ್ನು ಹೊಸದಾಗಿ ಕಟ್ಟಿದರು, ಅದರ ಲಾಂಛನದಲ್ಲಿ ಗಂಡಭೇರುಂಡ ಇತ್ತು. ಇದು ಎಷ್ಟು ಜನಕ್ಕೆ ಗೊತ್ತು? ನಾವು ದಿನಾ ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ನೋಡುವ ಹಕ್ಕಿ! ನೀವು ಐದನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿಂದಲೇ ಶುರು ಮಾಡಿ.

ಈಗ ದೊಡ್ಡ ತೊಂದರೆಗೆ ಬರೋಣ. ನಿಮ್ಮ ಪೈಲಟ್ 1942ರಲ್ಲಿ ಮೈಮೇಲೆ ‘ಡಿವಿ-ಕೆ’ ಅಂತ ಬರೆದ ವಿಮಾನ ಹಾರಿಸುತ್ತಿದ್ದರು, 1944ರ ಫೋಟೊದಲ್ಲೂ ಡಿವಿ-ಕೆ ಇದೆ, ಹಾಗಾಗಿ ಅವರು ಕಾಣೆಯಾದರೂ ವಿಮಾನ ಉಳಿಯಿತು ಅಂತ ಬರೆದಿದ್ದೀರಿ. ಫೋಟೊ ಇನ್ನೊಂದು ಸಲ ನೋಡಿ. ಹೊಟ್ಟೆಯ ಕೆಳಗೆ, ರೆಕ್ಕೆಯ ಹಿಂಬದಿಗೆ, ಗಾಳಿ ಎಳೆದುಕೊಳ್ಳುವ ದಪ್ಪ ಬಾಯಿ ಇದೆ. ರೆಕ್ಕೆಯ ತುದಿ ಕತ್ತರಿಸಿಟ್ಟ ಹಾಗಿದೆ. ಅದು ಸ್ಪಿಟ್‌ಫೈರೇ ಅಲ್ಲ, ಅಮೆರಿಕದ ಮಸ್ಟ್ಯಾಂಗ್ ಯುದ್ಧವಿಮಾನ. ಆ ಸ್ಕ್ವಾಡ್ರನ್‌ಗೆ 1944ರಲ್ಲಿ ಮಸ್ಟ್ಯಾಂಗ್ ಬಂದವು.

‘ಡಿವಿ’ ಸ್ಕ್ವಾಡ್ರನ್ನಿನ ಗುರುತು. ‘ಕೆ’ ಶಾಲೆಯ ಹಾಜರಿ ನಂಬರ್ ಇದ್ದ ಹಾಗೆ. ಒಬ್ಬ ಹುಡುಗ ಹೋದರೆ ಇನ್ನೊಬ್ಬನಿಗೆ ಸಿಗುತ್ತೆ. ನೀವು ಹಿಡಿಯಬೇಕಾದದ್ದು ಬಾಲದ ಹತ್ತಿರ ಸಣ್ಣದಾಗಿ ಬರೆದಿರುವ ಸೀರಿಯಲ್ ನಂಬರನ್ನು. ಸಾಮಾನ್ಯವಾಗಿ ಎರಡು ಅಕ್ಷರ, ಮೂರು ಅಂಕಿ. ಸ್ಕ್ವಾಡ್ರನ್ ಬದಲಾದರೂ ಅದು ಬದಲಾಗುವುದಿಲ್ಲ.

ನೀವು ಕಳಿಸಿದ ಲಾಗ್ ಪುಸ್ತಕದ (ಪೈಲಟ್ ತನ್ನ ಹಾರಾಟ ಬರೆದಿಡುವ ಪುಸ್ತಕ) ಜೆರಾಕ್ಸ್‌ನಲ್ಲಿ ಪೈಲಟ್ ಮೂರು ಅಂಕಿ ಮಾತ್ರ ಗೀಚಿದ್ದಾರೆ. ಅಷ್ಟರಿಂದ ವಿಮಾನ ಇದೇ ಅಂತ ಹೇಳಲಾಗದು, ಅದೇ ಮೂರು ಅಂಕಿ ಬೇರೆ ಅಕ್ಷರಗಳ ಜೊತೆಗೂ ಇರುತ್ತವೆ. ಅದಕ್ಕೆ ಸ್ಕ್ವಾಡ್ರನ್ನಿನ ಕಾರ್ಯಾಚರಣೆ ದಾಖಲೆ ನೋಡಬೇಕು. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಏರ್ 27 ಸರಣಿಯಲ್ಲಿದೆ. ಅದರಲ್ಲಿ ಫಾರ್ಮ್ 540 ದಿನಚರಿ. ನಿಮಗೆ ಬೇಕಾದದ್ದು 541: ಯಾವ ವಿಮಾನ, ಯಾರು ಹಾರಿಸಿದರು, ಎಷ್ಟು ಗಂಟೆಗೆ ಏರಿದರು, ಎಷ್ಟು ಗಂಟೆಗೆ ಇಳಿದರು. ಇಳಿದ ಹೊತ್ತಿನ ಜಾಗ ಖಾಲಿ ಇದ್ದರೆ ಅಲ್ಲಿ ನಿಲ್ಲಿ, ಆ ವಿಮಾನ ವಾಪಸ್ ಬಾರದೇ ಇರಬಹುದು. ಆಮೇಲೆ ಆ ನಂಬರಿನ ಫಾರ್ಮ್ 78 ಹುಡುಕಿ. ವಿಮಾನ ಯಾವ ಘಟಕಕ್ಕೆ ಹೋಯಿತು, ಯಾವಾಗ ಲೆಕ್ಕದಿಂದ ತೆಗೆದರು ಅಂತ ಆ ಕಾರ್ಡು ಹೇಳುತ್ತೆ. ಗುಮಾಸ್ತರು ಬರೆದದ್ದು, ಒಂದು ಅಂಕಿ ಆಚೀಚೆ ಆಗಿರಬಹುದು. ಎರಡು ಕಡೆ ತಾಳೆಯಾದರೆ ಮಾತ್ರ ಖಚಿತವಾಗಿ ಬರೆಯಿರಿ.

ಇನ್ನೊಂದು ಮಾತು. ಅವರು ಕಾಣೆಯಾದ ದಿನ ತಮ್ಮ ಎಂದಿನ ವಿಮಾನದಲ್ಲೇ ಹೋಗಿದ್ದರು ಅಂತ ನಿಮಗೆ ಹೇಳಿದವರು ಯಾರು? ತಮ್ಮ ವಿಮಾನ ರಿಪೇರಿಯಲ್ಲಿದ್ದರೆ ಪೈಲಟ್ ಸಿಕ್ಕಿದ್ದನ್ನು ಹತ್ತಿ ಹೋಗುತ್ತಿದ್ದರು. ಪೈಲಟ್‌ಗೇನಾಯಿತು, ವಿಮಾನಕ್ಕೇನಾಯಿತು ಅನ್ನುವುದು ಬೇರೆ ಬೇರೆ ಪ್ರಶ್ನೆ. ಬೇರೆ ಬೇರೆಯಾಗಿಯೇ ಹುಡುಕಿ.

ಕೊನೆಯ ಪುಟದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಅವರಿಗೆ ಅಮ್ಮನ ನೆನಪಾಗುತ್ತೆ. ಕಾಕ್‌ಪಿಟ್‌ನಲ್ಲಿ ನೀವಿದ್ದಿರಾ? ಒರಟಾಯಿತು ಅನ್ನಿಸಬಹುದು, ಆದರೂ ಕೇಳಲೇಬೇಕು. ಹೊಡೆದುಹಾಕಿ. ಆ ಜಾಗದಲ್ಲಿ ನೀವು ಜೆರಾಕ್ಸ್ ಹಿಡಿದು ಅಂಕಿ ಹೊಂದಿಸುವುದನ್ನೇ ಬರೆಯಿರಿ. ನನಗೆ ಅದು ಜಾಸ್ತಿ ಇಷ್ಟ.

ನಾಲ್ಕು ಪುಟ ಸಾಕು. ನಂಬರ್ ಇರುವ ಪ್ರತಿ ಪುಟದ ಜೆರಾಕ್ಸ್ ಜೊತೆಗಿಡಿ, ನಮ್ಮ ಪ್ರೂಫ್ ನೋಡುವವರು ಕೇಳುತ್ತಾರೆ. ಮೈಸೂರಿಗೆ ಬಂದರೆ ಮಧ್ಯಾಹ್ನದ ಮೇಲೆ ಆಫೀಸಿಗೆ ಬನ್ನಿ, ಬೆಳಿಗ್ಗೆ ಸಿಗುವುದಿಲ್ಲ.