ಚಾರ್ಜಿಂಗ್ ಗನ್ ಸುಮ್ಮನೆ ನೇತಾಡಿದರೆ ಬಡ್ಡಿ ಕಟ್ಟುವವರು ಯಾರು?

ಪ್ರಶ್ನೆ: ಹೆದ್ದಾರಿಗೆ ತಾಗಿದಂತೆ ನನ್ನದೊಂದು ಖಾಲಿ ಜಾಗವಿದೆ. ವಿದ್ಯುತ್ ಕಾರುಗಳಿಗೆ 120 ಕಿಲೋವ್ಯಾಟ್‌ನ ಫಾಸ್ಟ್ ಚಾರ್ಜರ್ ಹಾಕಿಸಿ, ದಿನಕ್ಕೆ ಆರು ಗಂಟೆ ಓಡಿದರೂ ಮೂರು ವರ್ಷದಲ್ಲಿ ಅಸಲು ವಾಪಸ್ ಎನ್ನುತ್ತಾರೆ ಯಂತ್ರ ಮಾರುವವರು. ನಿವೃತ್ತಿಯ ಹಣ ಹಾಕಬಹುದೇ?

ಉತ್ತರ: ಆ ‘ಆರು ಗಂಟೆ ಓಡಿದರೂ’ ಎಂಬ ಮಾತನ್ನೇ ಮೊದಲು ಗಟ್ಟಿಯಾಗಿ ಹಿಡಿದುಕೊಳ್ಳಿ. 120 ಕಿಲೋವ್ಯಾಟ್ ಆರು ಗಂಟೆ ಓಡಿದರೆ 720 ಯುನಿಟ್. 40 ಯುನಿಟ್ ಬ್ಯಾಟರಿಯ ಕಾರು ಶೇ. 20ಕ್ಕೆ ಇಳಿದಾಗ ಬಂದು ಶೇ. 80ಕ್ಕೆ ಹೊರಟರೆ ಒಯ್ಯುವುದು 24 ಯುನಿಟ್. ಅಂದರೆ ದಿನಕ್ಕೆ 30 ಕಾರು ಬೇಕು; ಮಳೆ ಸುರಿದ ದಿನ, ವಾರದ ನಡುವಿನ ಸಪ್ಪೆ ದಿನ ಎಲ್ಲ ಸೇರಿ ಸರಾಸರಿ 30! ಹತ್ತೇ ಬಂದರೆ 240 ಯುನಿಟ್, ಯಂತ್ರದ ಪೂರ್ತಿ ಸಾಮರ್ಥ್ಯದ ಶೇ. 8ರಷ್ಟು. ಹತ್ತು ಕಾರಿನ ಲೆಕ್ಕದಲ್ಲೂ ನೀವು ಉಳಿಯುತ್ತೀರಾ ಎಂದು ನೋಡಿ. ಮಾರುವವರು ಆ ಹಾಳೆಯನ್ನು ನಿಮಗೆ ತೋರಿಸಿರಲಾರರು.

ಇನ್ನೊಂದು ವಿಷಯ. ಯಂತ್ರ ಎಷ್ಟೇ ದೊಡ್ಡದಿರಲಿ, ಕಾರು ತಾನು ತಾಳುವಷ್ಟನ್ನೇ ಎಳೆಯುತ್ತದೆ. 50 ಕಿಲೋವ್ಯಾಟ್ ಮಿತಿಯ ಕಾರಿಗೆ 120ರ ಗನ್ (ಕೇಬಲ್ ತುದಿಯ ಪ್ಲಗ್) ಚುಚ್ಚಿದರೂ 50ರ ಮೇಲೆ ಹೋಗದು. ಶೇ. 80 ದಾಟಿದ ಮೇಲಂತೂ ವೇಗ ಕುಸಿಯುತ್ತದೆ. ಮಾಲೀಕರು ಕಾರು ಬಿಟ್ಟು ಊಟಕ್ಕೆ ಹೋಗಿರುತ್ತಾರೆ, ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ.

ನಾನು ವಿದ್ಯುತ್ ಗುತ್ತಿಗೆಯವನು, ಇಂಥ ಸ್ಟೇಷನ್‌ಗಳ ಬಿಲ್ಲುಗಳನ್ನು ಬೇಕಾದಷ್ಟು ನೋಡಿದ್ದೇನೆ. ಹೊಸಬರನ್ನು ಕಾಡುವುದು ಯುನಿಟ್ ದರಕ್ಕಿಂತ ಹೆಚ್ಚಾಗಿ ಡಿಮ್ಯಾಂಡ್ ಚಾರ್ಜ್. ಅನೇಕ ಕಡೆ ತಿಂಗಳಲ್ಲಿ ಯಾವುದೋ ಒಂದು 15 ಅಥವಾ 30 ನಿಮಿಷದಲ್ಲಿ ನೀವು ಎಳೆದ ಗರಿಷ್ಠ ಕಿಲೋವ್ಯಾಟ್ ಮೇಲೆ ಈ ಶುಲ್ಕ ಬೀಳುತ್ತದೆ. ಒಂದು ಭಾನುವಾರ ಸಂಜೆ ಎರಡು ದೊಡ್ಡ ಕಾರು ಒಟ್ಟಿಗೆ ಬಂದವೆನ್ನಿ, ಉಳಿದ 29 ದಿನ ಗಿರಾಕಿಯೇ ಇಲ್ಲದಿದ್ದರೂ ಶುಲ್ಕ ಆ ಸಂಜೆಯದೇ. ಮದುವೆಗೆ ಬಂದ ನೆಂಟರ ಲೆಕ್ಕ ಹಿಡಿದು ವರ್ಷವಿಡೀ ಅಕ್ಕಿ ಬೇಯಿಸಿದ ಹಾಗೆ. ನಿಮ್ಮ ಊರಿನ ದರಪಟ್ಟಿಯಲ್ಲಿ ಚಾರ್ಜಿಂಗ್ ಸ್ಟೇಷನ್‌ಗೆ ಇದರಿಂದ ವಿನಾಯಿತಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಇಲ್ಲದಿದ್ದರೆ ಯಂತ್ರದ ಗರಿಷ್ಠ ಮಿತಿಯನ್ನು ಸಾಫ್ಟ್‌ವೇರ್‌ನಲ್ಲೇ ತಗ್ಗಿಸಿಡಬೇಕಾಗುತ್ತದೆ.

ಸೋರಿಕೆಯೂ ಇದೆ. ಲೈನಿನಲ್ಲಿ ಬರುವ ಎಸಿ ವಿದ್ಯುತ್ತನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವಾಗ ಶೇ. 6 ನಷ್ಟವಾಯಿತೆಂದರೆ 24 ಯುನಿಟ್ ಮಾರಲು ನೀವು ಇಪ್ಪತ್ತೈದೂವರೆ ಕೊಳ್ಳಬೇಕು. ಗಿರಾಕಿ ಇಲ್ಲದ ರಾತ್ರಿಯೂ ಸ್ಕ್ರೀನ್, ಮೋಡೆಮ್, ಕಂಟ್ರೋಲ್ ಬೋರ್ಡ್ ಎಚ್ಚರವಾಗಿಯೇ ಇರುತ್ತವೆ.

ನಾನಾಗಿದ್ದರೆ 30 ಕಿಲೋವ್ಯಾಟ್‌ನ ಎರಡು ಮಾಡ್ಯೂಲ್ (ಬೇಕಾದಂತೆ ಜೋಡಿಸಬಹುದಾದ ವಿದ್ಯುತ್ ಘಟಕ) ಹಾಕಿಸಿ 60ರಲ್ಲಿ ಶುರುಮಾಡಿ, ಮುಂದೆ ಇನ್ನೆರಡು ಸೇರಿಸಲು ಬರುವಂಥ ಪೆಟ್ಟಿಗೆ ಕೊಳ್ಳುತ್ತಿದ್ದೆ. ನೆಲದೊಳಗಿನ ಕೊಳವೆಯನ್ನು ಮಾತ್ರ ಈಗಲೇ ದೊಡ್ಡದು ಹಾಕಿಸಿ. ಕಾಂಕ್ರೀಟ್ ಎರಡು ಸಲ ಅಗೆಯುವ ಖರ್ಚು ಯಾರಿಗೂ ಬೇಡ. ಒಂದೇ ಗನ್ ಇರುವ ಯಂತ್ರ ಕೊಳ್ಳಬೇಡಿ. ಅದು ಕೆಟ್ಟ ದಿನ ಬಂದು ವಾಪಸಾದ ಚಾಲಕ ಮತ್ತೆ ನಿಮ್ಮ ಕಡೆ ತಿರುಗುವುದು ಕಷ್ಟ. ಓಸಿಪಿಪಿ ಎಂಬ ಮುಕ್ತ ಸಂವಹನ ನಿಯಮಕ್ಕೆ ಯಂತ್ರ ಒಪ್ಪುತ್ತದೆಯೇ ಎಂದೂ ಕೇಳಿ. ಒಪ್ಪಿದರೆ ಆ್ಯಪ್ ನಡೆಸುವ ಕಂಪನಿ ಬಾಗಿಲು ಹಾಕಿದರೂ ಬೇರೆಯವರ ಜಾಲಕ್ಕೆ ಸೇರಿಕೊಳ್ಳಬಹುದು.

ನಿವೃತ್ತಿಯ ಹಣ ಪೂರ್ತಿ ಸುರಿಯುವುದು ಬೇಡ, ಸಾಲವಂತೂ ಬೇಡವೇ ಬೇಡ. ಜಾಗ ನಿಮ್ಮದು, ಯಂತ್ರ ಚಾರ್ಜಿಂಗ್ ಕಂಪನಿಯದು ಎಂಬ ಒಪ್ಪಂದ ಸಿಗುತ್ತದೆಯೇ ನೋಡಿ. ಸಿಕ್ಕರೆ ಬರೀ ಆದಾಯದ ಪಾಲಿಗೆ ಒಪ್ಪದೆ ಕನಿಷ್ಠ ಬಾಡಿಗೆಯನ್ನೂ ಬರೆಸಿಕೊಳ್ಳಿ. ವಿದ್ಯುತ್ ಸಂಪರ್ಕ ಯಾರ ಹೆಸರಿನಲ್ಲಿ, ಅವಧಿ ಮುಗಿದ ಮೇಲೆ ಯಂತ್ರ ಕಿತ್ತೊಯ್ಯುವ ಖರ್ಚು ಯಾರದು ಎಂಬ ಎರಡು ಸಾಲು ಆ ಪತ್ರದಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.

ಪ್ರಶ್ನೆ: ತಂತ್ರಜ್ಞಾನ ಹೀಗೆ ಓಡುತ್ತಿರುವಾಗ ಇಂದು ಕೊಂಡ ಯಂತ್ರ ನಾಳೆ ಗುಜರಿ ಆಗದೇ?

ಉತ್ತರ: ಆಗಬಹುದು. ಅಮೆರಿಕದಲ್ಲಿ ಟೆಸ್ಲಾ ತನ್ನ ಪ್ಲಗ್ ವಿನ್ಯಾಸವನ್ನು 2022ರ ನವೆಂಬರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. 2023ರ ಮೇ ತಿಂಗಳಲ್ಲಿ ಫೋರ್ಡ್, ಜೂನ್‌ನಲ್ಲಿ ಜನರಲ್ ಮೋಟರ್ಸ್ ಅದನ್ನೇ ಒಪ್ಪಿಕೊಂಡವು. ಬೇರೆ ಪ್ಲಗ್ ಹಾಕಿಸಿ ಕೂತಿದ್ದವರು ಕೇಬಲ್ ಬದಲಿಸುವ ದಾರಿ ಹುಡುಕಬೇಕಾಯಿತು. ಕೇಬಲ್ ಮಾತ್ರ ಬದಲಿಸಲು ಬರುವ, 1000 ವೋಲ್ಟ್‌ವರೆಗೆ ಕೊಡುವ ಯಂತ್ರವಾದರೆ ಈ ಭಯ ಬಹುಪಾಲು ಕಡಿಮೆ. 500 ವೋಲ್ಟ್‌ಗೆ ನಿಲ್ಲುವ ಹಳೆಯ ಮಾದರಿ ಅಗ್ಗಕ್ಕೆ ಬಂದರೂ ಮುಟ್ಟಬೇಡಿ, 800 ವೋಲ್ಟ್ ಬ್ಯಾಟರಿಯ ಕಾರುಗಳು ಅದರ ಮುಂದೆ ಒದ್ದಾಡುತ್ತವೆ.

ಇನ್ನೊಬ್ಬರ ಪ್ರಶ್ನೆ: ನನಗೆ ಜಾಗವಿಲ್ಲ. ಚಾರ್ಜಿಂಗ್ ಕಂಪನಿಯ ಷೇರು ಕೊಳ್ಳಲೇ?

ಉತ್ತರ: ವಾರ್ಷಿಕ ವರದಿಯಲ್ಲಿ ‘ಇಷ್ಟು ಸಾವಿರ ಚಾರ್ಜರ್’ ಎಂಬ ಪುಟವನ್ನು ಮಗುಚಿ ಮುಂದೆ ಹೋಗಿ. ಒಂದು ಯಂತ್ರ ದಿನಕ್ಕೆ ಎಷ್ಟು ಯುನಿಟ್ ಮಾರುತ್ತಿದೆ, ಎರಡು ವರ್ಷದ ಹಿಂದೆ ಎಷ್ಟಿತ್ತು ಎಂಬುದನ್ನು ಹುಡುಕಿ. ಆ ಅಂಕಿಯನ್ನೇ ಮುಚ್ಚಿಟ್ಟ ಕಂಪನಿಗೆ ನಾನು ನನ್ನ ಹಣ ಕೊಡಲಾರೆ.