ಮೀನಿನ ಹೊಟ್ಟೆ ನೋಡದವರು ಮಾದರಿ ಕಟ್ಟಬಹುದೇ?

ಪ್ರಶ್ನೆ: ಗಣಿತದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದೇನೆ, ಪ್ರೋಗ್ರಾಮಿಂಗ್ ಚೆನ್ನಾಗಿ ಬರುತ್ತದೆ. ಕಡಲ ಪರಿಸರ ವ್ಯವಸ್ಥೆಯ, ಅಂದರೆ ಅಲ್ಲಿ ಯಾವ ಜೀವಿ ಯಾವುದನ್ನು ಎಷ್ಟು ತಿನ್ನುತ್ತದೆಂಬುದರ, ಗಣಿತ ಮಾದರಿ ಕಟ್ಟುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಜೀವಶಾಸ್ತ್ರದ ಗೊಡವೆಯಿಲ್ಲದೆ ಈ ವೃತ್ತಿಯಲ್ಲಿ ಮುಂದೆ ಬರಬಹುದೇ?

ಉತ್ತರ: ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ ಒಮ್ಮೆ ವಿವರವಾಗಿಯೇ ಉತ್ತರಿಸಿಬಿಡುತ್ತೇನೆ. ಕೆಲಸ ಸಿಕ್ಕೀತು, ಆದರೆ ನಿಮ್ಮ ಮಾದರಿಯನ್ನು ನಂಬಿ ಯಾರೂ ಮೀನುಗಾರಿಕೆಯ ಮಿತಿಯನ್ನು ನಿಗದಿಪಡಿಸಬಾರದು. ಗಣಿತಜ್ಞರ ಬಗ್ಗೆ ನನಗೆ ತಾತ್ಸಾರವಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮೀನುಗಾರಿಕೆ ಕುಗ್ಗಿದಾಗ ಇಟಲಿಯ ಪಕ್ಕದ ಏಡ್ರಿಯಾಟಿಕ್ ಸಮುದ್ರದಲ್ಲಿ ಹಿಡಿದ ಮೀನಿನಲ್ಲಿ ಭಕ್ಷಕ ಮೀನುಗಳ ಪಾಲು ಏಕೆ ಹೆಚ್ಚಿತೆಂಬ ಒಗಟನ್ನು 1926ರಲ್ಲಿ ಸಮೀಕರಣಕ್ಕೆ ಇಳಿಸಿದ ವೀಟೊ ವೋಲ್ಟೆರಾ ಗಣಿತಜ್ಞರೇ ಆಗಿದ್ದರು. ಆದರೆ ಮಾರುಕಟ್ಟೆಗಳ ಮೀನಿನ ಲೆಕ್ಕವನ್ನು ತಾಳ್ಮೆಯಿಂದ ಕಲೆಹಾಕಿ ಅವರ ಮುಂದಿಟ್ಟವರು ಜೀವವಿಜ್ಞಾನಿ ಉಂಬೆರ್ಟೊ ಡಾಂಕೋನ ಎಂಬುದನ್ನು ಪ್ರೋಗ್ರಾಮಿಂಗ್ ಬಲ್ಲವರು ಅನುಕೂಲಕ್ಕಾಗಿ ಮರೆಯುತ್ತಾರೆ.

ನೀವು ಹೇಳುತ್ತಿರುವ ತಂತ್ರಾಂಶ ಬಹುಶಃ ಇಕೋಪಾತ್. ಹವಾಯಿ ದ್ವೀಪಸಮೂಹದ ಹವಳದಿಬ್ಬವೊಂದಕ್ಕಾಗಿ 1980ರ ದಶಕದ ಆರಂಭದಲ್ಲಿ ವಿಜ್ಞಾನಿ ಜೆಫ್ರಿ ಪೊಲೊವಿನಾ ರೂಪಿಸಿದ ಈ ವಿಧಾನದಲ್ಲಿ, ಪ್ರತಿಯೊಂದು ಜೀವಿಗುಂಪಿನ ಉತ್ಪಾದನೆಯಲ್ಲಿ ಎಷ್ಟು ಪಾಲು ಭಕ್ಷಕಗಳ ಹೊಟ್ಟೆಗೂ ಬಲೆಗೂ ಹೋಗುತ್ತದೆಂಬ ಅನುಪಾತವನ್ನು ಲೆಕ್ಕ ಹಾಕಲಾಗುತ್ತದೆ. ಬೂತಾಯಿ ಮೀನಿಗೆ ಆ ಅನುಪಾತ 1.8 ಬಂತೆಂದುಕೊಳ್ಳಿ. ಹುಟ್ಟಿದ್ದಕ್ಕಿಂತ ಹೆಚ್ಚು ಮೀನು ಸತ್ತಿದೆಯೆಂದಾಯಿತು, ಅಂದರೆ ಲೆಕ್ಕದಲ್ಲಿ ಎಲ್ಲೋ ಹುಳುಕಿದೆ. ಹೊಸಬರು ಇಲ್ಲಿ ಮಾಡುವುದು ಒಂದೇ ಕೆಲಸ: ಅದನ್ನು ತಿನ್ನುವ ಟ್ಯೂನಾ ಮೀನಿನ ಆಹಾರಪಟ್ಟಿಯಲ್ಲಿ ಬೂತಾಯಿಯ ಪಾಲನ್ನು ಇಳಿಸಿ, ಬೇರಾವುದೋ ಮೀನಿನದನ್ನು ಏರಿಸಿ, ಅನುಪಾತ 1ಕ್ಕಿಂತ ಕೆಳಗೆ ಬರುವವರೆಗೆ ಅಂಕಿಗಳನ್ನು ತಿರುಚುತ್ತ ಹೋಗುತ್ತಾರೆ. ಮಾದರಿ ಸಮತೋಲನಕ್ಕೆ ಬರುತ್ತದೆ, ಕಡಲಿನೊಂದಿಗೆ ಅದರ ಸಂಬಂಧ ಕಡಿದುಹೋಗುತ್ತದೆ.

ಆ ಆಹಾರಪಟ್ಟಿ ಬಂದದ್ದಾದರೂ ಎಲ್ಲಿಂದ? ಯಾರೋ ಮೀನಿನ ಹೊಟ್ಟೆ ಸೀಳಿ, ಅರ್ಧ ಜೀರ್ಣವಾದ ಮುದ್ದೆಯನ್ನು ಬಿಡಿಸಿ, ತೂಗಿ ಬರೆದದ್ದರಿಂದ. ಜೆಲ್ಲಿ ಮೀನಿನ ಮೈ ಬೇಗನೆ ಕರಗಿ ಗುರುತೇ ಉಳಿಯುವುದಿಲ್ಲ; ಸ್ಕ್ವಿಡ್‌ನ ಗಟ್ಟಿ ಕೊಕ್ಕು ಬಹುಕಾಲ ಉಳಿಯುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಸ್ಕ್ವಿಡ್ ಇರುವುದಕ್ಕಿಂತ ಹೆಚ್ಚಾಗಿಯೂ ಜೆಲ್ಲಿ ಮೀನು ಕಡಿಮೆಯಾಗಿಯೂ ಕಾಣಿಸುತ್ತವೆ. ಸೀಳಿದ ಮೀನು ಯಾವ ಋತುವಿನದು, ಮರಿಯೇ ಬಲಿತದ್ದೇ, ಹಗಲು ಹಿಡಿದದ್ದೇ ರಾತ್ರಿ ಹಿಡಿದದ್ದೇ ಎಂದು ಕೇಳದವರು ಯಾವ ಅಂಕಿಯನ್ನು ಎಷ್ಟು ಸಡಿಲಿಸಬಹುದೆಂದು ತೀರ್ಮಾನಿಸಲಾರರು. ಈ ಅರಿವು ಕೋಡ್ ಬರೆಯುವುದರಿಂದ ಬರುವಂಥದ್ದಲ್ಲ.

ಅಂಕಿಗಳನ್ನು ಮುಖಬೆಲೆಗೆ ನಂಬಿದರೆ ಏನಾಗುತ್ತದೆಂಬುದಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಸಾಕ್ಷಿ. ಅಲ್ಲಿ ಕಾಡ್ ಮೀನಿನ ಸಂತತಿ ಕರಗುತ್ತಿದ್ದರೂ ದೊಡ್ಡ ಟ್ರಾಲರ್‌ಗಳ ಬಲೆ ತುಂಬುತ್ತಲೇ ಇತ್ತು. ಉಳಿದ ಮೀನು ಗುಂಪುಗೂಡುತ್ತಿದ್ದ ಕಡೆಗೇ ಅವು ಹೋಗುತ್ತಿದ್ದವು. ಆ ಟ್ರಾಲರ್‌ಗಳಿಗೆ ಎಷ್ಟು ಮೀನು ಸಿಗುತ್ತಿತ್ತೆಂಬ ಅಂಕಿಯನ್ನೇ ಹೆಚ್ಚು ನಂಬಿದ ಅಂದಾಜುಗಳು ಸಂತತಿಯನ್ನು ಇರುವುದಕ್ಕಿಂತ ದೊಡ್ಡದೆಂದು ತೋರಿಸಿದವು. ಮೀನು ಕಡಿಮೆಯಾಗಿದೆಯೆಂಬ ಕರಾವಳಿಯ ಸಣ್ಣ ಮೀನುಗಾರರ ದೂರಿಗೆ ಅಷ್ಟು ತೂಕ ಸಿಗಲಿಲ್ಲ. 1992ರ ಜುಲೈಯಲ್ಲಿ ಮೀನುಗಾರಿಕೆಯನ್ನೇ ನಿಷೇಧಿಸಬೇಕಾಯಿತು, ಹತ್ತಾರು ಸಾವಿರ ಜನರ ಜೀವನೋಪಾಯ ಹೋಯಿತು.

ಆದ್ದರಿಂದ ಸಮೀಕ್ಷಾ ಹಡಗಿನಲ್ಲೋ ಮೀನು ಇಳಿಸುವ ದಕ್ಕೆಯಲ್ಲೋ ಒಂದು ಋತುವನ್ನಾದರೂ ಕಳೆಯಿರಿ. ಸಂಖ್ಯಾಶಾಸ್ತ್ರದಲ್ಲಿ ಅನಿಶ್ಚಿತತೆಯನ್ನು ಅಳೆಯುವ ಭಾಗವನ್ನು ಗಟ್ಟಿಮಾಡಿಕೊಳ್ಳಿ. ಆಮೇಲೆ ಪಿಎಚ್‌ಡಿಯ ಮಾತು. ಎಷ್ಟು ಮೀನು ಹಿಡಿಯಬಹುದೆಂಬುದಕ್ಕೆ ಅಧಿಕಾರಿಗಳು ನಿಮ್ಮಿಂದ ಒಂದೇ ಸಂಖ್ಯೆಯನ್ನು ಬೇಡುತ್ತಾರೆ. ನಾನಂತೂ ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿಯನ್ನಷ್ಟೇ ಕೊಡುತ್ತೇನೆ, ಅದಕ್ಕಾಗಿ ಪುಕ್ಕಲನೆನಿಸಿಕೊಂಡರೂ ಚಿಂತೆಯಿಲ್ಲ. 2050ರಲ್ಲಿ ಇಂಥ ಕಡೆ ಇಷ್ಟೇ ಟನ್ ಮೀನು ಸಿಗುತ್ತದೆಂದು ಬಣ್ಣಬಣ್ಣದ ನಕ್ಷೆ ಹಿಡಿದು ಬರುವ ಸಲಹೆಗಾರರಿಗೂ ಗಿಣಿಶಾಸ್ತ್ರದವರಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಪ್ರಶ್ನೆ: ಮೀನು ತಿಂದು ಬದುಕುವ ಸೀಲ್ ಎಂಬ ಕಡಲ ಪ್ರಾಣಿಗಳನ್ನು ಕೊಂದರೆ ಅವು ತಿನ್ನುವಷ್ಟು ಮೀನು ನಮಗೆ ಉಳಿಯುವುದಿಲ್ಲವೇ?

ಉತ್ತರ: ಇದು ಕೂಡುವ ಕಳೆಯುವ ಲೆಕ್ಕವಲ್ಲ. ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಎರಡು ಜಾತಿಯ ಹೇಕ್ ಮೀನುಗಳಿದ್ದು, ಕಡಿಮೆ ಆಳದಲ್ಲಿರುವ ಜಾತಿ ಹೆಚ್ಚು ಆಳದ ಜಾತಿಯ ಮರಿಗಳನ್ನು ತಿನ್ನುತ್ತದೆ, ಸೀಲ್‌ಗಳು ಮುಖ್ಯವಾಗಿ ಮೊದಲನೆಯದನ್ನು ತಿನ್ನುತ್ತವೆ. ಸೀಲ್ ಕಡಿಮೆಯಾದರೆ ಮೊದಲನೆಯದು ಹೆಚ್ಚಿ ಎರಡನೆಯದರ ಮರಿಗಳನ್ನು ಇನ್ನಷ್ಟು ತಿನ್ನಬಹುದು; ಹಾಗಾಗಿ ಮೀನುಗಾರರ ಒಟ್ಟು ಹೇಕ್ ಹಿಡುವಳಿ ಹೆಚ್ಚುವ ಭರವಸೆಯಿಲ್ಲ, ತಗ್ಗಲೂಬಹುದೆಂದು ಅಲ್ಲಿನ ಮಾದರಿಗಳೇ ತೋರಿಸಿವೆ.

ಪ್ರಶ್ನೆ: ಇಷ್ಟು ದೊಡ್ಡ ಸಮುದ್ರದಲ್ಲಿ ಮೀನು ಮುಗಿಯುವುದುಂಟೇ?

ಉತ್ತರ: 1883ರಲ್ಲಿ ಥಾಮಸ್ ಹಕ್ಸ್ಲಿಯಂಥ ವಿಜ್ಞಾನಿಯೇ ಕಾಡ್‌ನಂಥ ದೊಡ್ಡ ಮೀನುಗಾರಿಕೆಗಳು ಬರಿದಾಗವೆಂದಿದ್ದರು, ಕಾಡ್‌ನ ಕಥೆಯನ್ನು ಮೇಲೆ ಹೇಳಿದ್ದೇನೆ.

ಪ್ರಶ್ನೆ: ಎರಡು ವಾರದಲ್ಲಿ ಮಾಡೆಲಿಂಗ್ ಪರಿಣತಿಯ ಪ್ರಮಾಣಪತ್ರ ಕೊಡುತ್ತಾರಂತೆ, ಸೇರಲೇ?

ಉತ್ತರ: ಬೇಡ. ತಂತ್ರಾಂಶದ ಗುಂಡಿಗಳನ್ನು ಅದರ ಕೈಪಿಡಿಯೇ ಪುಕ್ಕಟೆಯಾಗಿ ಕಲಿಸುತ್ತದೆ.